ಮಾಚಲೆ ಹೊಳೆಯನ್ನು ಬಿಡಿಸಿದ್ದು

ಬಹಳ ಬಹಳ ಕಾಲದ ಹಿಂದೆ, ಗಾಳಿಗೂ ಹೆಸರಿಟ್ಟು ಕರೆಯುತ್ತಿದ್ದ ಕಾಲದಲ್ಲಿ, ತೊರೆನಾಡು ಅಂತ ಒಂದು ರಾಜ್ಯವಿತ್ತು. ಕಂಕಣೆ ಅನ್ನುವ ಹೊಳೆ ಆ ರಾಜ್ಯವನ್ನು ಕೈಬಳೆಯ ಹಾಗೆ ಬಳಸಿಕೊಂಡು ಹರಿಯುತ್ತಿತ್ತು. ಹೊಳೆಯ ದಂಡೆಯಲ್ಲಿ ರಾಜನ ಚಿತ್ರಶಾಲೆ. ಅಲ್ಲಿ ಕೇತೋಜ ಅನ್ನುವ ಗುರುಗಳು ಚಿತ್ರ ಕಲಿಸುತ್ತಿದ್ದರು.

ಕೇತೋಜರ ಪಾಠ ಬೇರೆಯವರ ಪಾಠದ ಹಾಗಲ್ಲ. "ಕಮಲ ಬಿಡಿಸಿ, ನವಿಲು ಬಿಡಿಸಿ" ಅಂತ ಅವರು ಯಾವತ್ತೂ ಹೇಳಿದವರಲ್ಲ. ಬೆಳಗಾದರೆ ಒಂದು ಹೊಸ ಅಪ್ಪಣೆ. "ಇವತ್ತು ಯಾರದಾದರೂ ಕೈ ಬಿಡಿಸಿಕೊಂಡು ಬನ್ನಿ. ಕೈ ನೋಡಿದರೆ ಅವರು ಏನು ಕೆಲಸ ಮಾಡುವವರು ಅಂತ ನನಗೆ ತಿಳಿಯಬೇಕು" ಅನ್ನುವರು. ಮಾರನೆಯ ದಿನ, "ನಿಮ್ಮ ಮನೆಯಲ್ಲಿ ಅತ್ಯಂತ ಹಳೆಯ ಪಾತ್ರೆ ಯಾವುದು? ಅದರ ಒಳಗೆ ಬಗ್ಗಿ ನೋಡಿ, ಕಂಡದ್ದನ್ನು ಬಿಡಿಸಿ." ಇನ್ನೊಂದು ದಿನ, "ಪಕ್ಕದವರ ಮುಖ ನೋಡುತ್ತಾ ಬಿಡಿಸಿ. ಕಡತದ ಕಡೆ ಕಣ್ಣು ಹೋಯಿತೋ, ಕಿವಿ ಹಿಂಡುತ್ತೇನೆ."

ಕಡತ ಅಂದರೆ ಅವರ ಚಿತ್ರದ ಪುಸ್ತಕ. ಬಟ್ಟೆಗೆ ಇದ್ದಿಲಿನ ಪುಡಿ, ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಗೆರೆ ಎಳೆಯುವುದು, ಬೇಡವಾದರೆ ಒರೆಸುವುದು. ನೋಡದೆ ಬಿಡಿಸಿದ ದಿನ ಒಬ್ಬರ ಮೂಗು ಕೆನ್ನೆಗೆ, ಇನ್ನೊಬ್ಬರ ಕಣ್ಣು ಗಲ್ಲಕ್ಕೆ ಬಂದು, ಶಾಲೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ಆ ಶಾಲೆಯಲ್ಲಿ ಮಾಚಲೆ ಅನ್ನುವ ಹುಡುಗಿ ಕಲಿಯುತ್ತಿದ್ದಳು. ಅಂಬಿಗ ಬೊಮ್ಮಣ್ಣನ ಮಗಳು. ಕೈ ನಿಧಾನ. ಉಳಿದವರು ಮುಗಿಸಿ ಊಟಕ್ಕೆ ಹೋದರೂ ಇವಳು ಒಂದು ಕಿವಿಯನ್ನೇ ನೋಡುತ್ತ ಕೂತಿರುತ್ತಿದ್ದಳು. ಕಿವಿಯವನು ಬೇಸತ್ತು ಎದ್ದು ಹೋಗುತ್ತಿದ್ದ.

ತೊರೆನಾಡಿನ ಬಡಗಲಲ್ಲಿ ಕರಿಗುಡ್ಡ. ಗುಡ್ಡದ ಹೊಟ್ಟೆಯೊಳಗೆ ಒಂದು ಗವಿ, ಗವಿಯಲ್ಲಿ ಒಂದು ಕಪ್ಪುಗೋಡೆ. ಆ ಗೋಡೆಯ ಮೇಲೆ ಯಾವುದನ್ನು ಇದ್ದದ್ದು ಇದ್ದ ಹಾಗೆ ಬಿಡಿಸುತ್ತಾರೋ ಅದು ಲೋಕದಿಂದ ಮಾಯವಾಗಿ ಗೋಡೆಯೊಳಗೆ ಸೇರುತ್ತಿತ್ತು. ಯಾರು ಬಿಡಿಸಿದರೂ ಸರಿ, ಗೋಡೆ ಕೈ ಯಾರದು ಅಂತ ಕೇಳುತ್ತಿರಲಿಲ್ಲ. ಅದನ್ನು ಕಜ್ಜಳ ಅನ್ನುವ ಮಾಂತ್ರಿಕ ಹಿಡಿದುಕೊಂಡು ಕೂತಿದ್ದ. ಅವನಿಗೆ ಚೆಂದದ್ದು ಕಂಡರೆ ತನಗೇ ಬೇಕು. ಕಾಗೆಯಾಗಿ ಹಾರಿಬಂದು, ಬೇಕಾದ ವಸ್ತುವಿನ ಹತ್ತಿರ ಕೂತು ಬಹಳ ದಿನ ನೋಡುತ್ತಿದ್ದ. ಆಮೇಲೆ ಗವಿಗೆ ಹೋಗಿ ಬಿಡಿಸುತ್ತಿದ್ದ.

ಮೊದಲು ರಾಜನ ಪಟ್ಟದಾನೆ ಹೋಯಿತು. ಮಾವುತ ಕೈಯಲ್ಲಿ ಕಬ್ಬು ಹಿಡಿದುಕೊಂಡು ಖಾಲಿ ಲಾಯದ ಮುಂದೆ ನಿಂತಿದ್ದ. ಆಮೇಲೆ ಒಂದು ಬೆಳಿಗ್ಗೆ ಕಂಕಣೆ ಹೊಳೆಯೇ ಹೋಯಿತು. ಮರಳು, ಕಲ್ಲು, ಬಾಯಿ ಬಿಡುವ ಮೀನು. ಅಷ್ಟೇ ಉಳಿದದ್ದು.

"ಇದು ಕಜ್ಜಳನ ಕೆಲಸ. ಅವನಿಗೆ ಬುದ್ಧಿ ಹೇಳಿ ಬರುತ್ತೇನೆ" ಅಂತ ಕೇತೋಜರು ಕೋಲೂರಿಕೊಂಡು ಹೊರಟರು. ತಿಂಗಳು ಕಳೆದರೂ ಗುರುಗಳು ಬರಲಿಲ್ಲ. ರಾಜ ಸೈನಿಕರನ್ನು ಕಳಿಸಿದ. ಅವರೂ ಬರಲಿಲ್ಲ. ಬಾವಿಗಳ ತಳ ಕಾಣತೊಡಗಿತು.

ಬೊಮ್ಮಣ್ಣ ದಿನವೂ ಹೋಗಿ ಮರಳಿನ ಮೇಲಿದ್ದ ದೋಣಿಯಲ್ಲಿ ಕೂತು ಬರುತ್ತಿದ್ದ. ಮಾಚಲೆ ಅಲ್ಲಿಗೇ ಹೋಗಿ ನಿಂತಳು.

"ಅಪ್ಪಾ, ನಾನು ಕರಿಗುಡ್ಡಕ್ಕೆ ಹೋಗುತ್ತೇನೆ."

"ಕತ್ತಿ ಹಿಡಿದವರೇ ಬರಲಿಲ್ಲ. ನೀನು ಏನು ಹಿಡಿದುಕೊಂಡು ಹೋಗುತ್ತೀಯೇ ತಾಯಿ?"

"ಕಡತ, ಬಳಪ. ನನಗೆ ಬರುವುದು ಅದೊಂದೇ."

ಬೊಮ್ಮಣ್ಣ ದೋಣಿಯಿಂದ ಇಳಿದು ಬಂದ. ಆಮೇಲೆ, "ಹಸಿದುಕೊಂಡು ಹೋಗಬೇಡ" ಅಂದ. ಮನೆಗೆ ಹೋಗಿ ಜೋಳದ ರೊಟ್ಟಿ ಕಟ್ಟಿಕೊಟ್ಟ. ಮಗಳು ಕಣ್ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದ.

ಮಾಚಲೆ ನಡೆದಳು, ನಡೆದಳು, ಗುಡ್ಡದ ಬುಡಕ್ಕೆ ಬಂದಳು. ಅಲ್ಲಿ ರಾಜನ ಸೈನಿಕರು ಕಲ್ಲಾಗಿ ನಿಂತಿದ್ದರು. ಎಲ್ಲರ ಕಣ್ಣೂ ಕೆಳಗೆ, ತಮ್ಮ ಕತ್ತಿಯ ಮೇಲೆ. ಅವರ ನಡುವೆ ಒಂದು ಹುಲಿ ಕುಳಿತಿತ್ತು.

"ಕಜ್ಜಳ ನನ್ನನ್ನು ಈ ಬಾಗಿಲಿಗೆ ಕಟ್ಟಿಹಾಕಿದ್ದಾನೆ" ಅಂತು ಹುಲಿ. "ನನ್ನನ್ನು ಬಿಡಿಸಿದವರಿಗೆ ದಾರಿ ಬಿಡುತ್ತೇನೆ. ಆದರೆ ನನ್ನ ಮೇಲಿಂದ ಕಣ್ಣು ತೆಗೆದ ಗಳಿಗೆ ಹಾರಿ ಪಂಜದಲ್ಲಿ ಮುಟ್ಟುತ್ತೇನೆ. ಮುಟ್ಟಿಸಿಕೊಂಡವರು ಕಲ್ಲು. ಬೇಡವೆಂದರೂ ನನ್ನ ಕಾಲು ಕೇಳುವುದಿಲ್ಲ."

ಮಾಚಲೆ ಹುಲಿಯನ್ನೇ ನೋಡುತ್ತಾ ಮೆಲ್ಲಗೆ ಕೂತಳು. ತಡಕಿ ಕಡತ ಬಿಚ್ಚಿದಳು. ಗುರುಗಳು ಕಿವಿ ಹಿಂಡುತ್ತೇನೆ ಅಂದದ್ದು ನೆನಪಾಯಿತು. ಇಲ್ಲಿ ಕಿವಿಯಷ್ಟೇ ಹೋಗುವುದಿಲ್ಲ ಅಂದುಕೊಂಡಳು. ಕಣ್ಣು ಹುಲಿಯ ಬೆನ್ನ ಮೇಲೆ ಹರಿದ ಹಾಗೆ ಬಳಪವೂ ಕಡತದ ಮೇಲೆ ಹರಿಯಿತು. ಕಣ್ಣಲ್ಲಿ ನೀರು ಬಂತು. ರೆಪ್ಪೆ ಒಂದೊಂದಾಗಿ ಬಡಿದಳು, ಎರಡನ್ನೂ ಒಟ್ಟಿಗೆ ಮುಚ್ಚಲಿಲ್ಲ.

"ಆಯಿತು" ಅಂತ ಕಡತ ತಿರುಗಿಸಿ ಹಿಡಿದಳು.

ಹುಲಿ ಬಗ್ಗಿ ನೋಡಿತು. "ನನ್ನ ಮೀಸೆ ಹೊಟ್ಟೆಯ ಹತ್ತಿರ ಇದೆಯಲ್ಲ!"

"ಇರಬಹುದು. ನಾನು ನೋಡಿಲ್ಲ."

"ಬಾಲ ಕಿವಿಯ ಮೇಲಿದೆ." ಹುಲಿ ಇನ್ನೂ ಬಗ್ಗಿತು. "ಆದರೆ ಈ ಬೆನ್ನು... ಹಾರಬೇಕೋ ಬೇಡವೋ ಅಂತ ಸೆಟೆದು ಕೂತಿರುವುದು. ಇದು ನಾನೇ. ಇಷ್ಟು ವರ್ಷ ಹೀಗೇ ಕೂತಿದ್ದೇನೆ." ಅದು ಎದ್ದು ನಿಂತು ಮೈ ಮುರಿಯಿತು. ಬೆನ್ನು ಮೊದಲ ಸಲ ಸಡಿಲವಾಯಿತು. ಹಿಂದಿರುಗಿಯೂ ನೋಡದೆ ಕಾಡಿಗೆ ಹೋಯಿತು.

ಮಾಚಲೆ ಗುಡ್ಡ ಹತ್ತಿದಳು. ಅರ್ಧ ದಾರಿಯಲ್ಲಿ ದೊಡ್ಡ ಕಂದರ. ಕಂದರದ ಅಂಚಿನಲ್ಲಿ ತಾಳೆಮರದಷ್ಟು ದಪ್ಪದ ಹೆಬ್ಬಾವು ಸುತ್ತಿಕೊಂಡು ಮಲಗಿತ್ತು.

"ನಾನೇ ಸೇತುವೆ" ಅಂತು ಹೆಬ್ಬಾವು. "ನೀನು ನನ್ನನ್ನು ಬಿಡಿಸುತ್ತಾ ಹೋದರೆ ನಾನು ಸುರುಳಿ ಬಿಚ್ಚುತ್ತಾ ಹೋಗುತ್ತೇನೆ. ಕೈ ಎತ್ತಿದೆಯೋ, ಮತ್ತೆ ಸುತ್ತಿಕೊಳ್ಳುತ್ತೇನೆ. ನೀನು ಎಲ್ಲಿದ್ದರೆ ಅಲ್ಲಿಂದ ಕೆಳಗೆ."

ಒಂದೇ ಗೆರೆಯ ಪಾಠವೂ ಶಾಲೆಯಲ್ಲಿ ಆಗಿತ್ತು. ಅದರಲ್ಲಿ ಮಾಚಲೆ ಯಾವಾಗಲೂ ಸೋತವಳು. ಯೋಚಿಸಲು ನಿಂತು ಕೈ ಎತ್ತಿಬಿಡುತ್ತಿದ್ದಳು. ಆದರೂ ಬಳಪ ಊರಿ ಹೆಬ್ಬಾವಿನ ಬಾಲದ ಮೇಲೆ ಕಾಲಿಟ್ಟಳು. ಗೆರೆ ಒಂದು ಮಡಿಕೆ ದಾಟಿತು, ಇನ್ನೊಂದು ದಾಟಿತು. ಕಡತ ಬಿಚ್ಚಿಕೊಳ್ಳುತ್ತಾ ಅವಳ ಹಿಂದೆ ಜೋತಾಡಿತು. ನಡುಗಂದರಕ್ಕೆ ಬರುವಾಗ ಬಳಪ ಸವೆದು ಕಡಲೆಯಷ್ಟಾಗಿತ್ತು. ಯೋಚಿಸಬೇಕು ಅನ್ನಿಸಿತು. ಯೋಚಿಸಲು ನಿಲ್ಲುವ ಬದಲು ಕೈಯನ್ನು ಅದರ ಪಾಡಿಗೆ ಬಿಟ್ಟು, ನಡೆಯುತ್ತಲೇ ಯೋಚಿಸಿದಳು. ಕಡಲೆ ಸಾಸಿವೆಯಾಯಿತು. ಕೊನೆಯ ಮಡಿಕೆಯಲ್ಲಿ ಬೆರಳ ತುದಿಯ ಬಿಳಿ ಪುಡಿಯನ್ನೇ ಉಜ್ಜುತ್ತಾ ಹೋದಳು. ಹೆಬ್ಬಾವಿನ ತಲೆ ಆಚೆ ದಡಕ್ಕೆ ತಾಗಿದಾಗ ಮಾಚಲೆ ಮಂಡಿಯೂರಿ ಕೂತುಬಿಟ್ಟಳು.

"ಎಷ್ಟು ಕಾಲವಾಯಿತು ಮೈ ಚಾಚಿ ಮಲಗಿ!" ಅಂದು ಹೆಬ್ಬಾವು ಬಂಡೆಗಳ ನಡುವೆ ಜಾರಿಹೋಯಿತು.

ಬಳಪ ಮುಗಿದಿತ್ತು. ಆದರೆ ಗುಡ್ಡದ ಮೈಯಲ್ಲಿ ಬಳಪದ ಕಲ್ಲು ಬೇಕಾದಷ್ಟಿತ್ತು. ಒಂದು ತುಂಡು ಒಡೆದುಕೊಂಡು ಗವಿಯ ಬಾಯಿಗೆ ಬಂದಳು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಡೆಯಿಂದ ಗುಡುಗಿನಂಥ ದನಿ ಬಂತು.

"ಒಳಗೆ ಹೆಜ್ಜೆಯಿಟ್ಟರೆ ಒದ್ದು ಕಂದರಕ್ಕೆ ಕೆಡವುತ್ತೇನೆ! ಬಿಡಿಸು ನನ್ನನ್ನು!"

"ನೀನು ಕಾಣುವುದೇ ಇಲ್ಲವಲ್ಲ. ಹೇಗಿದ್ದೀಯ?"

"ಮರೆತುಹೋಗಿದೆ" ಅಂತು ದನಿ. ಈ ಸಲ ಅಷ್ಟು ದೊಡ್ಡದಾಗಿರಲಿಲ್ಲ. "ಮಾಂತ್ರಿಕ ನನ್ನ ರೂಪ ಅಳಿಸಿದ. ನನಗೂ ಕಾಣುವುದಿಲ್ಲ."

ಇಂಥ ಪಾಠವನ್ನು ಗುರುಗಳು ಹೇಳಿಕೊಟ್ಟಿರಲಿಲ್ಲ. ಮಾಚಲೆ ಬಂಡೆಯ ಮೇಲೆ ಕೂತು, ರೊಟ್ಟಿ ತಿನ್ನುತ್ತಾ ನೋಡಿದಳು. ಗವಿಯ ಬಾಯಿಯ ಹುಲ್ಲೆಲ್ಲ ಗಾಳಿಗೆ ಆಡುತ್ತಿತ್ತು. ನಾಲ್ಕು ಕಡೆ ಮಾತ್ರ ಅಪ್ಪಚ್ಚಿಯಾಗಿತ್ತು. ಮೇಲಿಂದ ಇಳಿಬಿದ್ದ ಬೇರುಗಳು ಒಂದು ಕಡೆ ಅತ್ತಿತ್ತ ಸರಿದುಕೊಂಡಿದ್ದವು. ಜೇಡನ ಬಲೆಯೊಂದು ಎರಡು ಕಡೆ ಹರಿದಿತ್ತು, ಉದ್ದುದ್ದಕ್ಕೆ. ಮಾಚಲೆ ಕಾಣದ್ದನ್ನು ಬಿಟ್ಟು ಕಾಣುವುದನ್ನೆಲ್ಲ ಬಿಡಿಸಿದಳು. ಆಡುವ ಹುಲ್ಲು, ಸರಿದ ಬೇರು, ಹರಿದ ಬಲೆ, ಹಿಂದಿನ ಬಂಡೆ. ನಡುವೆ ಒಂದು ಜಾಗ ಕಪ್ಪಾಗಿಯೇ ಉಳಿಯಿತು. ಆ ಕಪ್ಪಿಗೆ ನಾಲ್ಕು ಕಾಲು, ಒಂದು ಬಾಲ, ಎರಡು ಉದ್ದನೆಯ ಕಿವಿ.

"ಕತ್ತೆ!" ಅಂದಳು ಮಾಚಲೆ.

"ಕತ್ತೆಯಾ?" ದನಿ ಇನ್ನೂ ಸಣ್ಣದಾಯಿತು. "ನಾನೇನೋ ಭಯಂಕರವಾದದ್ದು ಅಂದುಕೊಂಡಿದ್ದೆ." ಅಷ್ಟರಲ್ಲಿ ಬೂದುಬಣ್ಣದ ಪುಟ್ಟ ಕತ್ತೆಯೊಂದು ಹುಲ್ಲಿನಲ್ಲಿ ಕಾಣಿಸಿಕೊಂಡು, ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡಿತು. "ಪರವಾಗಿಲ್ಲ. ಚೆನ್ನಾಗಿಯೇ ಇದ್ದೇನೆ." ಮಾಚಲೆಯ ಕೈಯಲ್ಲಿದ್ದ ಉಳಿದ ರೊಟ್ಟಿ ತಿಂದು ದಾರಿ ಬಿಟ್ಟಿತು.

ಗವಿಯೊಳಗೆ ದೀಪಗಳು ಉರಿಯುತ್ತಿದ್ದವು. ಕಪ್ಪುಗೋಡೆಯ ಮೇಲೆ ಆನೆ ಇತ್ತು, ಸುಳಿ ಸುಳಿಯಾಗಿ ಕಂಕಣೆ ಹೊಳೆ ಇತ್ತು, ಮೂಲೆಯಲ್ಲಿ ಕೋಲೂರಿಕೊಂಡು ಕೇತೋಜರಿದ್ದರು. ಕರಿಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದವರು ನಡೆಯುತ್ತಿದ್ದ ಹಾಗೇ ಗೋಡೆ ಸೇರಿದ್ದರು. ಕಜ್ಜಳ ಗೋಡೆಯ ಮುಂದೆ ನಿಂತು ಹೊಸ ಚಿತ್ರ ಶುರುಮಾಡಿದ್ದ. ಕೋಟೆ, ಮನೆಗಳು, ಬೀದಿ. ತೊರೆನಾಡಿನ ಊರೇ ಅದು.

ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿದ. "ಓಹೋ, ಹುಡುಗಿ! ಊರಿಗಿಂತ ಮೊದಲು ನೀನೇ ಹೋಗು ಗೋಡೆಗೆ."

ಅವನ ಕೈ ಬಹಳ ಚುರುಕು. ಸರಸರ ಎಳೆದ. ಮೀನಿನಂಥ ಕಣ್ಣು, ಸಂಪಿಗೆಯಂಥ ಮೂಗು, ಬಳ್ಳಿಯಂಥ ನಡು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಚಿತ್ರ ಮುಗಿಯಿತು. ಮಾಚಲೆ ಮಾತ್ರ ನಿಂತಲ್ಲೇ ನಿಂತಿದ್ದಳು.

ಕಜ್ಜಳ ಬೆಚ್ಚಿದ. "ಯಾಕೆ ಹೋಗಲಿಲ್ಲ?"

"ಅದು ನಾನಲ್ಲವಲ್ಲ" ಅಂದಳು ಮಾಚಲೆ. ಅವಳ ಮೂಗು ಮೊಂಡ. ಹುಬ್ಬಿನ ಮೇಲೆ ದೋಣಿಯ ಹುಟ್ಟು ತಾಗಿದ ಗಾಯದ ಗುರುತು. ದೋಣಿ ನೂಕಿ ನೂಕಿ ಬಲಭುಜ ಎಡಕ್ಕಿಂತ ದಪ್ಪ. ಕಜ್ಜಳ ಇವಳನ್ನು ಕಾಗೆಯಾಗಿ ಕೂತು ನೋಡಿದವನಲ್ಲ. ಹುಡುಗಿ ಅಂದರೆ ಹೀಗಿರುತ್ತಾಳೆ ಅಂತ ಎಳೆದುಬಿಟ್ಟಿದ್ದ.

ಅವನು ಒರೆಸಿ ಮತ್ತೆ ಎಳೆದ. ಮತ್ತೆ ಸಂಪಿಗೆ ಮೂಗೇ ಬಂತು. ಕೈಗೆ ಅದೇ ಅಭ್ಯಾಸವಾಗಿಹೋಗಿತ್ತು. ಅಷ್ಟರಲ್ಲಿ ಮಾಚಲೆ ಗೋಡೆಯ ಇನ್ನೊಂದು ಕಡೆಗೆ ಹೋಗಿ, ಅವನನ್ನೇ ನೋಡುತ್ತಾ ಬಳಪದ ಕಲ್ಲಿನಿಂದ ಗೆರೆ ಎಳೆಯತೊಡಗಿದಳು. ಒಡೆದ ಹಿಮ್ಮಡಿ. ಒಂದರ ಮೇಲೊಂದು ಏರಿದ ಕಾಲ್ಬೆರಳು. ಒಳಕ್ಕೆ ಬಾಗಿದ ಮಂಡಿ.

ಕಜ್ಜಳ ಅವಳ ಮೇಲೆ ನುಗ್ಗಲು ಹೋದ. ಪಾದ ಏಳಲಿಲ್ಲ. ಕೆಳಗೆ ನೋಡಿದರೆ ಪಾದವೇ ಇರಲಿಲ್ಲ, ಗೋಡೆಯ ಮೇಲಿತ್ತು. ಗೋಡೆ ಅವನನ್ನು ತನ್ನ ಕಡೆಗೆ ಎಳೆದುಕೊಂಡಿತು. ಮಂಡಿ ಹೋಯಿತು. ಸೊಂಟ ಹೋಗತೊಡಗಿತು.

"ಅಯ್ಯೋ! ಬಿಡಿಸು! ನನ್ನನ್ನು ಬಿಡಿಸು!" ಅಂತ ಕೂಗಿದ.

"ಬಿಡಿಸುತ್ತಲೇ ಇದ್ದೇನಲ್ಲ" ಅಂದಳು ಮಾಚಲೆ. ಎಡಗೈ ಬಿಡಿಸಿದಳು. ಎಡಗೈಯೂ ಹೋಯಿತು.

"ಬೇಡ ತಾಯಿ, ಬೇಡ! ಏನು ಬೇಕು ಕೇಳು!"

ಮಾಚಲೆ ಬಳಪ ಗೋಡೆಯ ಮೇಲೇ ಊರಿಕೊಂಡು ನಿಂತಳು. "ಇಲ್ಲಿರುವವರು ಹೊರಗೆ ಬರುವುದು ಹೇಗೆ?"

"ಬಿಡಿಸಿದ ಕೈಯೇ ಒರೆಸಬೇಕು. ನನ್ನ ಬಲಗೈ."

"ಅದಕ್ಕೇ ಅದನ್ನು ಹೊರಗೆ ಬಿಟ್ಟಿದ್ದೇನೆ ಅಂದುಕೋ. ಒರೆಸು. ಮೊದಲು ಗುರುಗಳು. ಆಮೇಲೆ ಆನೆ. ಹೊಳೆ ಕೊನೆಗೆ."

ಕಜ್ಜಳ ಅಳುತ್ತಾ ಕೈ ಚಾಚಿದ. ಗೋಡೆ ಅವನನ್ನು ಅತ್ತಿತ್ತ ಎಳೆದೊಯ್ದಿತು. ಕೇತೋಜರು ಹೊರಬಂದು ಒಂದು ಸೀನು ಸೀನಿದರು. ಶಿಷ್ಯೆಯನ್ನು ನೋಡಿದರು, ಗೋಡೆಯ ಮೇಲಿನ ಅರ್ಧ ಮಾಂತ್ರಿಕನನ್ನು ನೋಡಿದರು.

"ಹಿಮ್ಮಡಿ ಚೆನ್ನಾಗಿ ಬಂದಿದೆ" ಅಂದರು. ಮಾಚಲೆ ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟಳು. ಅಷ್ಟು ಹೊತ್ತು ತಡೆದದ್ದೆಲ್ಲ ಹೊರಗೆ ಬಂತು. ಗುರುಗಳು ಅವಳ ತಲೆ ನೇವರಿಸುತ್ತಾ ನಿಂತರು.

ಆನೆ ಬಂತು. ಗುರು ಶಿಷ್ಯೆ ಇಬ್ಬರೂ ಅದರ ಬೆನ್ನೇರಿದರು. ಕಜ್ಜಳನ ಅಂಗೈ ಹೊಳೆಯ ಮೇಲೆ ಆಡಿತು. ಗೋಡೆ ಬಾಯಿಬಿಟ್ಟಿತು. ಕಂಕಣೆ ಭೋರ್ಗರೆದು ಹೊರಬಿದ್ದಳು. ಆ ರಭಸಕ್ಕೆ ಕಪ್ಪುಗೋಡೆ ಸಿಡಿದು ನೂರು ಚೂರಾಯಿತು. ಆನೆ ನೀರಿನ ಮೇಲೆ ತೇಲಿತು, ಕತ್ತೆ ಮುಂದೆ ಮುಂದೆ ಓಡಿತು. ಗುಡ್ಡದ ಬುಡದಲ್ಲಿ ನೀರು ತಾಗಿದ ಕಲ್ಲಿನ ಸೈನಿಕರು ಕಣ್ಣು ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ಯಾಕೆ ನಿಂತಿದ್ದೇವೆ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡರು.

ಹೊಳೆ ತನ್ನ ಹಳೆಯ ದಾರಿ ಹಿಡಿದು ಊರು ಮುಟ್ಟಿತು. ಬೊಮ್ಮಣ್ಣನ ದೋಣಿ ಮೆಲ್ಲಗೆ ಮೇಲೆದ್ದಿತು. ಅವನು ಹುಟ್ಟು ಹಾಕುವುದನ್ನೂ ಮರೆತು, ಆನೆಯ ಮೇಲಿಂದ ಕೈ ಬೀಸುತ್ತಿದ್ದ ಮಗಳನ್ನೇ ನೋಡಿದ.

ಗೋಡೆ ಒಡೆದಾಗ ಅದರೊಳಗೆ ಸೇರಿದ್ದ ಕಜ್ಜಳನ ಅರ್ಧ ಮೈ ಅವನಿಗೆ ಮರಳಿತ್ತು, ಮಂತ್ರವೆಲ್ಲ ಹೋಗಿತ್ತು. ಒದ್ದೆಯಾದ ಒಬ್ಬ ಸಣಕಲು ಮುದುಕ ದಂಡೆಯಲ್ಲಿ ಕೆಮ್ಮುತ್ತಾ ಬಿದ್ದಿದ್ದ. ಸೈನಿಕರು ಅವನನ್ನು ಕಟ್ಟಿ ರಾಜನ ಮುಂದೆ ತಂದರು.

"ಇವನಿಗೆ ಏನು ಶಿಕ್ಷೆ ಕೊಡಲಿ? ನೀನೇ ಹೇಳು ಮಗಳೇ" ಅಂದ ರಾಜ.

ಮಾಚಲೆ ಯೋಚಿಸಿದಳು. "ಇವನು ಚೆಂದದ್ದನ್ನು ಚೆನ್ನಾಗಿ ನೋಡಬಲ್ಲ, ಮಹಾಸ್ವಾಮಿ. ಇಟ್ಟುಕೊಳ್ಳದೆ ನೋಡುವುದು ಗೊತ್ತಿಲ್ಲ. ಗುರುಗಳು ಒಪ್ಪಿದರೆ ಶಾಲೆಯಲ್ಲಿ ಚಿಕ್ಕ ಮಕ್ಕಳ ಸಾಲಿನಲ್ಲಿ ಕೂರಲಿ."

ಗುರುಗಳು ಒಪ್ಪಿದರು. ಕಜ್ಜಳ ಕಡತ ಹಿಡಿದು ಕೂತ. "ಇವತ್ತು ನೀರು ಬಿಡಿಸಿ" ಅಂದರು ಕೇತೋಜರು. ಮಕ್ಕಳೆಲ್ಲ ದಂಡೆಗೆ ಓಡಿದರು. ಕಜ್ಜಳನೂ ಹೋಗಿ, ಒಂದು ಸುಳಿಯನ್ನು ನೋಡಿ ಬಿಡಿಸಿದ. ಬಿಡಿಸಿ ಮುಗಿಸಿ, ಹೆದರಿ ತಲೆಯೆತ್ತಿದ. ಸುಳಿ ಹೊಳೆಯಲ್ಲಿ ತಿರುಗುತ್ತಲೇ ಇತ್ತು, ಕಡತದಲ್ಲೂ ಇತ್ತು. ಎರಡನ್ನೂ ಮತ್ತೆ ಮತ್ತೆ ನೋಡಿದ. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯನ್ನು ತಟ್ಟಿ, "ನೋಡು, ಎರಡೂ ಇವೆ!" ಅಂದ.

"ಇನ್ನೇನಾಗುತ್ತೆ ಮತ್ತೆ? ಸ್ವಲ್ಪ ಸರಿದು ಕೂತ್ಕೋ ಅಜ್ಜ, ನಂಗೆ ಕಾಣ್ತಿಲ್ಲ" ಅಂದಳು ಅವಳು.

ಅಂದಿನಿಂದ ತೊರೆನಾಡಿನವರಿಗೆ ನೀರಿಗೆ ಕೊರತೆಯಾಗಲಿಲ್ಲ, ನಗುವಿಗೂ ಆಗಲಿಲ್ಲ. ಕತೆ ಕೇಳಿದವರಿಗೂ ಹಾಗೇ ಆಗಲಿ.