ಅರ್ಧ ಹಾಡು

ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಅವನು ನಿದ್ದೆಗೆ ಜಾರಿರುತ್ತಿದ್ದ.

ಇದು ಒಂದೆರಡು ದಿನದ ಮಾತಲ್ಲ. ಮೂರು ತಿಂಗಳಿಂದ ಸಂಜೆ ಐದು ಇಪ್ಪತ್ತರ ಬಸ್ಸಿನಲ್ಲಿ ಇದೇ ಕಥೆ. ಆಸ್ಪತ್ರೆ ಸ್ಟಾಪಿನಲ್ಲಿ ಹತ್ತಿ ಅವಳ ಪಕ್ಕ ಕೂರುತ್ತಿದ್ದ. ಅವಳು ಇಯರ್‌ಫೋನಿನ ಒಂದು ಬಡ್ ಅವನತ್ತ ಚಾಚುತ್ತಿದ್ದಳು. ಮೊದಲ ಹಾಡಿಗೆ ಅವನು ತಲೆಯಾಡಿಸುತ್ತಿದ್ದ. ಎರಡನೆಯದಕ್ಕೆ ಬೆರಳೊಂದು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಮೂರನೆಯದಕ್ಕೆ ಕಣ್ಣು ಮುಚ್ಚಿ, ಕುತ್ತಿಗೆ ಸೀಟಿಗೆ ಒರಗಿದರೆ ಅಲ್ಲಿಗೆ ಮುಗಿಯಿತು.

ಅವಳ ಹಾಡು ಇದ್ದದ್ದು ನಾಲ್ಕನೆಯದಾಗಿ.

ಅವಳು ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದ ಕೊನೆಯ ವರ್ಷದ ಹುಡುಗಿ. ಪಾಠಕ್ಕಿಂತ ಹಾಡಿನ ಹುಚ್ಚು ಒಂದು ಕೈ ಜಾಸ್ತಿ. ಅದೂ ಎಲ್ಲರೂ ಕೇಳುವ ಹಾಡಲ್ಲ. ಮನೆಯ ಕೋಣೆಯಲ್ಲೇ ಹಾಡಿ ಇಂಟರ್ನೆಟ್ಟಿಗೆ ಹಾಕುವ ಇಂಡೀ ಹುಡುಗ ಹುಡುಗಿಯರು, ಅಂಗಳದಲ್ಲಿ ಕಾಳು ಆರಿಸುತ್ತ ಹಾಡುವ ಅಜ್ಜಿಯನ್ನು ಮೊಮ್ಮಗ ಫೋನಿನಲ್ಲಿ ಹಿಡಿದದ್ದು, ಇನ್ನೂರು ಜನ ಕೂಡ ನೋಡಿರದ ವಿಡಿಯೋಗಳು. ಅಂಥದೊಂದು ಸಿಕ್ಕಿದ ದಿನ ಅವಳಿಗೆ ಊಟ ಬೇಡ. ಸಿಕ್ಕಿದ್ದರ ಲಿಂಕನ್ನು ಗುಂಪಿಗೆಲ್ಲ ಕಳಿಸುತ್ತಿದ್ದಳು. ಗೆಳತಿಯರು ಮೊದಮೊದಲು ಹೃದಯದ ಚಿತ್ರ ಒತ್ತುತ್ತಿದ್ದರು, ಆಮೇಲೆ ಹೆಬ್ಬೆರಳು, ಆಮೇಲೆ ಅದೂ ಇಲ್ಲ. ಕ್ಲಾಸಿನಲ್ಲಿ ಅವಳಿಗೆ ‘ಲಿಂಕಮ್ಮ’ ಅಂತಲೇ ಹೆಸರು ಬಿದ್ದಿತ್ತು.

ಮನೆಯಲ್ಲಿ ಅಮ್ಮ ಹೊಲಿಗೆ ಮಷಿನ್ನಿನ ಮುಂದಿನಿಂದಲೇ ಹೇಳುತ್ತಿದ್ದಳು: “ಕಿವಿಗೆ ಆ ದಾರ ಪೋಣಿಸ್ಕೊಂಡೇ ಹುಟ್ಟಿದ್ಯೇನೇ ಪುಟ್ಟಿ? ಒಂದಿನ ನಾನೇ ಗಂಟು ಹಾಕಿ ಬಿಡ್ತೀನಿ ನೋಡು.”

ಇಷ್ಟಪಡುವುದೂ ಒಂದು ಕೆಲಸ. ಒಬ್ಬಳೇ ಎಷ್ಟು ದಿನ ಮಾಡುವುದು? ಈಚೆಗೆ ಅವಳಿಗೆ ಸುಸ್ತಾಗುತ್ತಿತ್ತು. ಬೆಳಗಿನ ಕ್ಲಾಸು, ಮಧ್ಯಾಹ್ನದ ಲ್ಯಾಬು, ಸಂಜೆ ಮನೆ ಮುಟ್ಟಿದರೆ ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್. ಹಾಗಾಗಿ ಬಸ್ಸಿನ ನಲವತ್ತು ನಿಮಿಷವೇ ಅವಳ ಪಾಲಿನ ದಿನ.

ಅವನು ಸಿಕ್ಕಿದ್ದೂ ಅದೇ ಬಸ್ಸಿನಲ್ಲಿ. ಕಾಲಿಡಲು ಜಾಗವಿಲ್ಲದ ಒಂದು ಸಂಜೆ ಅವಳ ಇಯರ್‌ಫೋನಿನ ವೈರು ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡು, ಆ ಬ್ಯಾಗು ಮುಂದೆ ಹೋದಂತೆ ಅವಳ ತಲೆಯೂ ಹಿಂದೆ ಹಿಂದೆ ಹೋಗಿತ್ತು.

“ಒಂದ್ನಿಮಿಷ ರೀ,” ಎಂದಿದ್ದ ಬ್ಯಾಗಿನವನು ಗಾಬರಿಯಾಗಿ. “ನಿಮ್ಮ ಕಿವಿ ನನ್ನ ಬ್ಯಾಗಲ್ಲಿ ಸಿಕ್ಕಾಕ್ಕೊಂಡಿದೆ.”

ಬಿಡಿಸಿಕೊಡುವ ಮೊದಲು ಬಡ್ಡನ್ನು ಸುಮ್ಮನೆ ಒಮ್ಮೆ ತನ್ನ ಕಿವಿಗಿಟ್ಟು ನೋಡಿದ. ಹಾಗೇ ನಿಂತುಬಿಟ್ಟ. “ಯಾರ್ರೀ ಇದು, ಹಾಡ್ತಿರೋದು?”

ಆ ಪ್ರಶ್ನೆ ಕೇಳಿದವರೇ ಇರಲಿಲ್ಲ ಅವಳ ಬಾಳಿನಲ್ಲಿ. ಇಳಿಯುವ ತನಕ ಉತ್ತರ ಹೇಳಿದಳು.

ಅವನು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದ. ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ದಿನಕ್ಕೆ ಒಂಬೈನೂರು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮಡಚಿ ಕಳಿಸಬೇಕು. ಊರಿನ ರೋಗಿಗಳಿಗೆಲ್ಲ ಗರಿಗರಿ ಹಾಸಿಗೆ ಕೊಡುವವನ ಸ್ವಂತ ಅಂಗಿ ಮಾತ್ರ ಇಸ್ತ್ರಿಯ ಮುಖವನ್ನೇ ಕಂಡಿರಲಿಲ್ಲ. ಅವಳು ಮನಸ್ಸಿನಲ್ಲೇ ಅವನಿಗೆ ‘ಇಸ್ತ್ರಿ’ ಎಂದು ಹೆಸರಿಟ್ಟಿದ್ದಳು. ಮುಂಗೈ ಮೇಲೆ ಆವಿ ತಾಗಿದ ಕೆಂಪು ಕಲೆ, ಮೈಯಲ್ಲಿ ಸೋಪಿನ ಪರಿಮಳ. ಆ ಪರಿಮಳ ಬಸ್ಸಿನ ಬಾಗಿಲಲ್ಲಿ ಬಂದರೆ ಸಾಕು, ಅವಳು ಸೀಟಿನ ಮೇಲಿಟ್ಟ ಪುಸ್ತಕ ಎತ್ತಿಕೊಳ್ಳುತ್ತಿದ್ದಳು.

ಇಯರ್‌ಫೋನಿನ ಬಲಗಡೆ ಬಡ್ಡಿನ ರಬ್ಬರು ಕಿತ್ತುಹೋಗಿತ್ತು, ಕಿವಿಗೆ ಚುಚ್ಚುತ್ತಿತ್ತು. ಅದನ್ನು ತಾನಿಟ್ಟುಕೊಂಡು ಎಡಗಡೆಯ ಒಳ್ಳೆಯದನ್ನು ಅವನಿಗೆ ಕೊಡುತ್ತಿದ್ದಳು. ಇದನ್ನು ಪ್ರೀತಿ ಎಂದು ಕರೆಯಲು ಅವಳಿಗೆ ಎರಡು ತಿಂಗಳು ಬೇಕಾಯಿತು.

ಕರೆದ ಮೇಲೆ ಒಂದು ಉಪಾಯ ಹೂಡಿದಳು. ಅವಳ ಬಳಿ ಐದೇ ತಂತಿ ಉಳಿದಿದ್ದ ಹಳೆಯ ಗಿಟಾರಿತ್ತು, ತಾನೇ ಕಟ್ಟಿದ ಒಂದು ಹಾಡಿತ್ತು. ಹಾಡಿದ್ದು ಒಂದು ದಿನ, ಗಿಟಾರ್ ನುಡಿಸಿದ್ದು ಇನ್ನೊಂದು ದಿನ. ಎರಡನ್ನೂ ಫೋನಿನ ಆ್ಯಪಿನಲ್ಲಿ ಕೂಡಿಸಿದ್ದಳು. ಮಧ್ಯದ ಗಿಟಾರ್ ತುಣುಕಿಗೇ ಆರು ತಿಂಗಳು ಹಿಡಿದಿತ್ತು. ಯಾರಿಗೂ ಕೇಳಿಸಿರದ ಆ ಹಾಡನ್ನು ಹೆಸರಿಲ್ಲದೆ, ಇಂಡೀ ಹಾಡುಗಾರರ ನಡುವೆ, ನಾಲ್ಕನೆಯದಾಗಿ ತೂರಿಸಿದಳು. ಹಾಡಿದವರು ಯಾರೆಂದು ತಿಳಿಯದೆ ಅವನು “ಯಾರ್ರೀ ಇದು?” ಎಂದು ಒಮ್ಮೆ ಕೇಳಲಿ, ಅಷ್ಟೇ ಅವಳ ಆಸೆ.

ಆ ಹಾಡು ಶುರುವಾದೊಡನೆ ನಾಚಿಕೆಯಿಂದ ತನ್ನ ಬಡ್ ಕಿತ್ತು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಅವನ ಮುಖವನ್ನೇ ನೋಡುತ್ತಿದ್ದಳು. ರೆಪ್ಪೆ ಅಲುಗುತ್ತಿರಲಿಲ್ಲ. ತುಟಿಯ ಪಕ್ಕದ ಗೆರೆಯೊಂದು ಸಡಿಲವಾಗುತ್ತಿತ್ತು, ಅದೂ ನಿದ್ದೆಯದೇ ಇರಬೇಕು. ಅವನ ಸ್ಟಾಪು ಬಂದಾಗ ಸರಿಯಾಗಿ ಕಣ್ಣು ಬಿಟ್ಟು, “ಚೆನ್ನಾಗಿತ್ತು ರೀ” ಎಂದು ಬಡ್ ಕೊಟ್ಟು ಇಳಿಯುತ್ತಿದ್ದ. ಏನು ಚೆನ್ನಾಗಿತ್ತು, ಹಾಡೋ ನಿದ್ದೆಯೋ, ಕೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಜಾಗ ಬದಲಿಸಿ ಎರಡನೆಯದಾಗಿ ಇಡಬಹುದಿತ್ತು. ಒಮ್ಮೆ ಬೆರಳು ಅಲ್ಲಿಯವರೆಗೂ ಹೋಗಿತ್ತು. ಆದರೆ ಎಚ್ಚರವಾಗಿದ್ದು ಕೇಳಿಯೂ ಅವನು ಏನೂ ಅನ್ನದಿದ್ದರೆ? ನಿದ್ದೆಯಾದರೆ ನಿದ್ದೆಯನ್ನು ದೂರಬಹುದು.

ಶುಕ್ರವಾರ ಅವನು ಕೂರುತ್ತಲೇ ಹೇಳಿದ. “ಸೋಮವಾರದಿಂದ ನನಗೆ ಬೆಳಗಿನ ಶಿಫ್ಟು. ಈ ಬಸ್ಸು ಇವತ್ತಿಗೆ ಕೊನೆ.”

“ಹೌದಾ,” ಎಂದಳು ಅವಳು. ಕಿಟಕಿಯ ಆಚೆ ಸಾಲು ಅಂಗಡಿಗಳ ಶಟರ್, ಫುಟ್‌ಪಾತಿನ ಮೇಲೆ ಮನೆಗೆ ಹೊರಟ ಜನ. ಎಲ್ಲರ ಹೆಗಲೂ ಒಂದೇ ಥರ ಇಳಿಬಿದ್ದಿತ್ತು. ಬಡ್ ಅವನ ಕೈಗೆ ಕೊಟ್ಟಳು. ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ಇವತ್ತೂ ಅವನು ಮಲಗಿದರೆ ಹಾಡು ಡಿಲೀಟ್, ಗಿಟಾರು ಅಟ್ಟಕ್ಕೆ. ಲಿಂಕಮ್ಮನ ಸಹವಾಸ ಸಾಕು.

ಮೊದಲನೆಯ ಹಾಡು. ಎರಡನೆಯದು. ಮೂರನೆಯದಕ್ಕೆ ಅವನ ಕಣ್ಣು ಮುಚ್ಚಿತು.

ಅವಳು ತನ್ನ ಬಡ್ ಕಿತ್ತು, ಫೋನ್ ಕೈಗೆತ್ತಿಕೊಂಡು, ನಾಲ್ಕನೆಯ ಹಾಡು ಶುರುವಾಗುವ ಮೊದಲೇ ನಿಲ್ಲಿಸಿಬಿಟ್ಟಳು.

“ಯಾಕ್ರೀ ನಿಲ್ಲಿಸಿದ್ರಿ?” ಎಂದ ಅವನು. ಕಣ್ಣು ಬಿಟ್ಟಿರಲಿಲ್ಲ.

ಅವಳ ಕೈ ಅಲ್ಲೇ ನಿಂತಿತು. “ನೀವು ಮಲಗಿದ್ರಲ್ಲ.”

“ಯಾರು ಹೇಳಿದ್ದು?”

“ಯಾರು ಹೇಳಬೇಕು? ಮೂರು ತಿಂಗಳಿಂದ ನೋಡ್ತಿದೀನಿ. ಮೂರನೇ ಹಾಡಿಗೆ ನೀವು ಈ ಲೋಕದಲ್ಲೇ ಇರಲ್ಲ.”

ಅವನು ಕಣ್ಣು ತೆರೆದ. ಸುಸ್ತಿನಿಂದ ಕೆಂಪಗಾಗಿದ್ದ ಕಣ್ಣು, ಅದರೊಳಗೆ ಸಣ್ಣ ನಗು. “ನಿದ್ದೆ ಮಾಡೋನು ದಿನಾ ಅದೇ ಸ್ಟಾಪಿಗೆ ಸರಿಯಾಗಿ ಹೆಂಗೆ ಏಳ್ತಾನೆ ರೀ? ಸ್ಟ್ಯಾಟಿಸ್ಟಿಕ್ಸ್ ಓದೋರು ನೀವು, ಇಷ್ಟು ಲೆಕ್ಕ ಬರಲ್ವಾ?”

ಅವಳಿಗೆ ಮುಖ ಎಲ್ಲಿಡುವುದು ತಿಳಿಯಲಿಲ್ಲ. ಕಿಟಕಿಯ ಕಡೆ ಇಟ್ಟಳು.

“ಆವೀಲಿ ಕಣ್ಣು ಉರಿಯುತ್ತೆ, ಅದಕ್ಕೆ ಮುಚ್ತೀನಿ. ಮುಚ್ಚಿ ನಾಲ್ಕನೇ ಹಾಡಿಗೆ ಕಾಯ್ತೀನಿ,” ಎಂದ. “ದಿನವೆಲ್ಲ ಮಷಿನ್ ಪಕ್ಕ ನಿಂತು, ಕೆಲಸ ಬಿಟ್ಟ ಮೇಲೂ ಕಿವೀಲಿ ಅದು ಗಿರಗಿರ ತಿರುಗ್ತಾನೇ ಇರುತ್ತೆ. ಆ ಹಾಡಲ್ಲಿ ಒಂದು ಕಡೆ ನಿಲ್ಲುತ್ತೆ.”

“ಎಲ್ಲಿ?”

“ಆ ಹುಡುಗಿ ಒಬ್ಬಳೇ ಹಾಡ್ತಾಳಲ್ಲ, ಗಿಟಾರು ಏನೂ ಇಲ್ದೆ…”

“ಗಿಟಾರ್ ಇದೆ,” ಎಂದಳು ಅವಳು ಥಟ್ಟನೆ.

“ಇಲ್ಲ ರೀ.”

“ಇದೆ ರೀ. ಆರು ತಿಂಗಳ…” ಎಂದವಳು ನಾಲಿಗೆ ಕಚ್ಚಿಕೊಂಡಳು.

“ಇಲ್ಲ. ನಾನು ದಿನಾ ಕೇಳ್ತೀನಿ. ‘ಕೂತುಕೋ ಹಾದಿಯೇ ಒಂದು ಗಳಿಗೆ, ನೀನೂ ನಡೆದಿದ್ದಿ ಬೈಗಿನವರೆಗೆ’ ಅಂತಾಳೆ. ಅಂದುಬಿಟ್ಟು ಸುಮ್ನಾಗ್ತಾಳೆ. ನಲವತ್ತು ಸೆಕೆಂಡು, ಎಣಿಸಿದೀನಿ. ಏನೇನೂ ಇರಲ್ಲ. ಹಾದಿಗೆ ಕೂತ್ಕೋ ಅಂತ ಹೇಳಿ ತಾನೂ ಕೂತುಬಿಟ್ಟಳೇನೋ ಅನ್ಸುತ್ತೆ. ಮತ್ತೆ ಯಾವಾಗ ಹಾಡ್ತಾಳೋ ಅಂತ ಕಾಯ್ತಾ ಇರ್ತೀನಿ ನೋಡಿ, ಆಗ ಮಷಿನ್ ಸದ್ದು ಹೋಗಿರುತ್ತೆ. ಇಡೀ ದಿನದಲ್ಲಿ ನನಗೆ ಅದೊಂದೇ ರೆಸ್ಟು.”

ಅವಳು ಮಡಿಲಲ್ಲಿದ್ದ ತನ್ನ ಬಡ್ ನೋಡಿದಳು, ರಬ್ಬರು ಕಿತ್ತಿದ್ದು, ಬಲಗಡೆಯದು. ಮೆಲ್ಲನೆ ವಿಷಯ ಹೊಳೆಯಿತು. ಆ್ಯಪು ಅವಳ ದನಿಯನ್ನು ಎಡಗಡೆಗೂ ಗಿಟಾರನ್ನು ಬಲಗಡೆಗೂ ಹಾಕಿತ್ತು. ಮನೆಯಲ್ಲಿ ಎರಡೂ ಕಿವಿಗೆ ಹಾಕಿ ಕೇಳಿದಾಗ ಅವಳಿಗೆ ಅದೇ ಚಂದ ಅನಿಸಿ ಹಾಗೇ ಬಿಟ್ಟಿದ್ದಳು. ಹಂಚಿಕೊಂಡರೆ ಒಬ್ಬೊಬ್ಬರಿಗೆ ಅರ್ಧರ್ಧ ಹಾಡು ಎಂಬುದು ಇಷ್ಟು ಹಾಡು ಕೇಳಿದ ತಲೆಗೆ ಬಂದೇ ಇರಲಿಲ್ಲ. ಅವಳ ಆರು ತಿಂಗಳ ಗಿಟಾರು ಒಂದು ತಿಂಗಳಿಂದ ಅವಳ ಅಂಗೈಯಲ್ಲೇ ಮುಚ್ಚಿಹೋಗುತ್ತಿತ್ತು. ಅವನ ಕಿವಿಗೆ ಮುಟ್ಟುತ್ತಿದ್ದದ್ದು ಬರೀ ಅವಳ ದನಿ, ಆಮೇಲೆ ಅವಳು ಬಿಟ್ಟ ಜಾಗ.

“ತಗೊಳ್ಳಿ,” ಎಂದು ಎರಡನೆಯ ಬಡ್ಡನ್ನೂ ಅವನಿಗೆ ಕೊಟ್ಟು ಹಾಡು ಹಚ್ಚಿದಳು.

ಅವನು ಕೇಳಿದ. ಹುಬ್ಬು ಮೇಲೆ ಹೋಯಿತು. ಮಧ್ಯದ ನಲವತ್ತು ಸೆಕೆಂಡು ಬಂದಾಗ ಅವನ ಮುಖವನ್ನು ಅವಳು ಪರೀಕ್ಷೆಯ ಫಲಿತಾಂಶದ ಪಟ್ಟಿಯ ಹಾಗೆ ನೋಡಿದಳು.

“ಚೆನ್ನಾಗಿದೆ,” ಎಂದ ಕೊನೆಗೆ.

“ಸುಳ್ಳು.”

“ಗಿಟಾರ್ ಚೆನ್ನಾಗೇ ಇದೆ ರೀ. ಆದ್ರೆ…” ಬಲಗಡೆಯ ಬಡ್ ತೆಗೆದು ಅವಳ ಕೈಗಿಟ್ಟ. “ನನಗೆ ಇದಿಲ್ದೇನೇ ಇರ್ಲಿ.”

ಅವಳಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಎಷ್ಟೋ ದಿನದಿಂದ ಬಾರದಿದ್ದ ನಗು. ಮುಂದೆ ನಿಂತಿದ್ದ ಕಂಡಕ್ಟರ್ ತಿರುಗಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಮತ್ತೆ ಟಿಕೆಟ್ ಹರಿಯಲು ಹೋದರು.

“ಹಾಡಿದ್ದು ಯಾರು ಅಂತ ಕೇಳಲ್ವಾ?” ಎಂದಳು.

“ಗೊತ್ತಿರೋದನ್ನ ಯಾಕೆ ಕೇಳ್ಲಿ?”

ಅವಳು ಥಟ್ಟನೆ ಅವನತ್ತ ತಿರುಗಿದಳು.

“ಹಾಡು ಮುಗಿಯುತ್ತಲ್ಲ, ಆಗ ಹಿಂದೆ ಯಾರೋ ಕೂಗ್ತಾರೆ, ‘ಪುಟ್ಟಿ, ಒಲೆ ಆರಿಸೇ’ ಅಂತ. ಮೊದಲನೇ ವಾರ ಯಾರೋ ಅಂದ್ಕೊಂಡೆ. ಆಮೇಲೆ ಒಂದಿನ ಹಾಡು ಕೇಳ್ತಿದ್ದಾಗ ನಿಮ್ಮಮ್ಮ ಫೋನ್ ಮಾಡಿದ್ರು ನೋಡಿ, ಇಬ್ಬರ ಕಿವಿಗೂ ಬಂತು, ‘ಎಲ್ಲಿದೀಯೇ ಪುಟ್ಟಿ’ ಅಂತ. ಅದೇ ದನಿ, ಅದೇ ಗದರು.”

ಮನೆಯಲ್ಲಿ ಕೇಳುವಾಗ ಕೊನೆಯ ಗಿಟಾರ್ ಸದ್ದಿನಲ್ಲಿ ಅಮ್ಮ ಮುಚ್ಚಿಹೋಗಿದ್ದಳು. ಅವಳು ಎಡಗಡೆಯ ಬಡ್ಡನ್ನು ಅವನ ಕಿವಿಯಿಂದಲೇ ತೆಗೆದು ತನ್ನ ಕಿವಿಗೆ ಹಾಕಿಕೊಂಡಳು. ಅದು ಬೆಚ್ಚಗಿತ್ತು. ಹಾಡಿನ ಕೊನೆಯನ್ನು ಮತ್ತೆ ಹಚ್ಚಿದಾಗ ಅಮ್ಮ ಸ್ಪಷ್ಟವಾಗಿ ಗದರಿದಳು.

“ಗೊತ್ತಿದ್ರೂ ಹೇಳ್ಲಿಲ್ಲ ನೀವು,” ಎಂದಳು.

“ಹೇಳಿದ್ರೆ ನಾಚ್ಕೊಂಡು ಆ ಹಾಡು ತೆಗೆದುಬಿಡ್ತೀರ ಅಂತ ಭಯ ಆಯ್ತು. ಹಾಡು ಹೋದ್ರೆ ಪಕ್ಕದಲ್ಲಿ ಕೂರೋಕೆ ನನಗೆ ಬೇರೆ ನೆಪ ಎಲ್ಲಿತ್ತು?” ಮುಂಗೈ ಕಲೆಯನ್ನು ಉಜ್ಜಿಕೊಳ್ಳುತ್ತ, ಕಾಲಬುಡ ನೋಡುತ್ತ ಹೇಳಿದ. “ನನಗೆ ಹಾಡಿನ ವಿಷಯ ಏನೂ ಗೊತ್ತಿಲ್ಲ ರೀ. ನಿಮ್ಮನ್ನ ಕಂಡ್ರೆ ಇಷ್ಟ. ಅಷ್ಟು ಗೊತ್ತು.”

ಅವಳು ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವನೂ ಅವಸರ ಮಾಡಲಿಲ್ಲ, ಕಾದು ಅಭ್ಯಾಸವಿದ್ದವನು.

“ಬೆಳಗಿನ ಶಿಫ್ಟಿಗೆ ಯಾವ ಬಸ್ಸು?”

“ಆರು ಹತ್ತರದು. ನಿಮಗ್ಯಾಕೆ? ನಿಮ್ಮ ಕ್ಲಾಸಿರೋದು ಒಂಬತ್ತೂವರೆಗೆ. ಏಳೋದೇ ಎಂಟಕ್ಕೆ ಅಂತ ನೀವೇ ಹೇಳಿದ್ರಿ.”

“ಆರು ಗಂಟೆಗೆ ನನ್ನ ಎಬ್ಬಿಸೋದು ನಮ್ಮಮ್ಮನ ಕೈಲೂ ಆಗಿಲ್ಲ.”

“ಮತ್ತೆ ಬಿಡಿ.”

“ಬಿಡ್ತೀನಿ ಅಂದ್ನಾ? ನಮ್ಮ ಸ್ಟಾಪ್ ಮೊದಲು ಬರುತ್ತೆ, ನಾನೇ ಸೀಟು ಹಿಡಿದಿರ್ತೀನಿ. ಆದ್ರೆ ಬೆಳಿಗ್ಗೆ ಮಲಗೋ ಸರದಿ ನಂದು. ನಿಜವಾದ ನಿದ್ದೆ, ನಿಮ್ಮ ಥರ ನಾಟಕ ಅಲ್ಲ.”

ಅವನು ನಕ್ಕ. ದಣಿದ ಮುಖದಲ್ಲಿ ಆ ನಗು ನಿಧಾನವಾಗಿ ಹರಡಿ ಎಲ್ಲ ಗೆರೆಗಳನ್ನೂ ಒಂದು ಸುತ್ತು ಹಾಕಿತು. ಒಳ್ಳೆಯ ಬಡ್ಡನ್ನು ಅವಳು ಅವನಿಗೆ ವಾಪಸ್ ಕೊಟ್ಟು ಹಾಡು ಮತ್ತೆ ಹಚ್ಚಿದಳು. ಈ ಸಲ ತನ್ನದನ್ನೂ ಹಾಕಿಕೊಂಡಳು. ಅವನ ಕಿವಿಯಲ್ಲಿ ಅವಳ ದನಿ, ಅವಳ ಕಿವಿಯಲ್ಲಿ ಅವಳ ಗಿಟಾರು. ದನಿ ಯಾವಾಗ ನಿಲ್ಲುತ್ತದೆಂದು ಅವಳು ಅವನ ತುಟಿಯ ಗೆರೆ ನೋಡಿ ತಿಳಿದುಕೊಂಡಳು.

ನಲವತ್ತು ಸೆಕೆಂಡಿನ ನಡುವೆ ಎಲ್ಲೋ ಅವನ ತಲೆ ಅವಳ ಹೆಗಲಿಗೆ ಬಿತ್ತು. ಬಾಯಿ ಚೂರು ತೆರೆಯಿತು. ಸಣ್ಣಗೆ ಗೊರಕೆ ಬಂತು. ಅವನ ನಿದ್ದೆ ಎಂದರೆ ಇದು ಎಂದು ಅವಳಿಗೆ ಈಗ ಗೊತ್ತಾಯಿತು. ಇಷ್ಟು ದಿನ ಕಂಡದ್ದಕ್ಕೂ ಇದಕ್ಕೂ ಏನೇನೂ ಹೋಲಿಕೆಯಿರಲಿಲ್ಲ.

ಅವನ ಸ್ಟಾಪು ಬಂತು. ಕಂಡಕ್ಟರ್ ಬಾಗಿಲ ಬಳಿಯಿಂದ ಕೂಗಿ ಹೇಳಿದರು, “ಏನಮ್ಮಾ, ಇವರು ಇಳಿಯೋದು ಇಲ್ಲೇ ಅಲ್ವಾ? ಎಬ್ಬಿಸು.”

“ಮಲಗ್ಲಿ ಬಿಡಿ,” ಎಂದಳು ಅವಳು, ಹೆಗಲು ಅಲುಗದಂತೆ. “ಕೊನೇ ಸ್ಟಾಪಿಂದ ನಾನೇ ವಾಪಸ್ ಕರ್ಕೊಂಡ್ ಬರ್ತೀನಿ.”

ಬಾಗಿಲು ಮುಚ್ಚಿತು. ಬಸ್ಸು ಹೊರಟು ತಿರುವು ದಾಟುವಷ್ಟರಲ್ಲಿ ಇಬ್ಬರ ಕಿವಿಯಲ್ಲೂ ಫೋನ್ ಸದ್ದು ಮಾಡಿತು. “ಎಲ್ಲಿದೀಯೇ ಪುಟ್ಟಿ?” ಎಂದಳು ಅಮ್ಮ. ಹೆಗಲ ಮೇಲಿನ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

“ಬಸ್ಸಲ್ಲೇ ಇದೀನಮ್ಮ,” ಎಂದು ಅವಳು ಪಿಸುಗುಟ್ಟಿದಳು. “ಟ್ಯೂಷನ್ ಮಕ್ಕಳಿಗೆ ಸ್ವಲ್ಪ ಕಾಯೋಕೆ ಹೇಳು. ಸೋಮವಾರ ನನ್ನ ಐದಕ್ಕೇ ಎಬ್ಬಿಸು.”