ಮೂವತ್ತೊಂದನೇ ಗುಂಡಿ

ಹದಿನೈದು ವರ್ಷ ತನ್ನ ಕೈಯಡುಗೆ ಉಂಡ, ಕಡಲದಂಡೆಯ ಪ್ರವಾಸಿ ಲಾಡ್ಜಿನ ಮಾಲೀಕ ಮಸಾವೆ ಸಾಹೇಬ, ಅತಿಥಿಗಳ ಎದುರಿಗೇ ತೆಂಗಿನಹಾಲಿನ ಮೀನಿನ ತಟ್ಟೆಯನ್ನು ಎರಡು ಬೆರಳಲ್ಲಿ ದೂರ ತಳ್ಳಿದ್ದನ್ನು ಶೊಮಾರಿ ಮರೆಯಲಿಲ್ಲ. "ಅರ್ಧಂಬರ್ಧ ಬೆಂದಿದೆ. ಇವನದ್ದು ಯಾವಾಗ್ಲೂ ಅವಸರ. ಮುಂದಿನ ತಿಂಗಳು ದಾರ್ ಪಟ್ಟಣದಿಂದ ಬೇರೆ ಅಡುಗೆಯವನು ಬರ್ತಾನೆ ಬಿಡಿ," ಎಂದಿದ್ದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅರುಷಾ ಊರಿನ ಹರಳು ವ್ಯಾಪಾರಿಯ ಹೆಂಡತಿ. ನಕ್ಕಾಗಲೆಲ್ಲ ಅವಳ ಕೊರಳಿನ ನೀಲಿ ಹರಳಿನ ಸರ ಕುಣಿಯುತ್ತಿತ್ತು.

ಮರುದಿನ ಅವರೆಲ್ಲ ನೀರಾನೆ ನೋಡಲು ನದಿಗೆ ಹೋದರು. ಸರ ಸ್ನಾನದ ಮನೆಯ ಗೂಟದಲ್ಲಿತ್ತು. ಕದಿಯುವುದಕ್ಕೆ ಶೊಮಾರಿಗೆ ಚಹಾ ಸೋಸುವಷ್ಟು ಹೊತ್ತೂ ಬೇಕಾಗಲಿಲ್ಲ.

ಕಷ್ಟವಿದ್ದದ್ದು ಹೊರಗೆ ಸಾಗಿಸುವುದರಲ್ಲಿ. ಮೀಸಲು ಕಾಡಿನ ಗೇಟಿನಲ್ಲಿ ಪ್ರವಾಸಿಗಳ ಚೀಲಕ್ಕೆ ಸಲಾಮು, ಕೆಲಸದವರ ಚೀಲಕ್ಕೆ ತಪಾಸಣೆ. ಆನೆದಂತದ ಹೆಸರು ಹೇಳಿ ಅಕ್ಕಿ ಮೂಟೆಯನ್ನೂ ಸುರಿಸಿ ನೋಡುತ್ತಿದ್ದರು. ಅಡುಗೆಮನೆಯನ್ನು ಪೊಲೀಸರು ಬಿಡುವುದಿಲ್ಲ. ಮರದ ಪೊಟರೆಯನ್ನು ಕೋತಿಗಳು ಬಿಡುವುದಿಲ್ಲ. ಯಾರೂ ಕೈ ಹಾಕದ ಜಾಗ ಕಡಲದಂಡೆಯಲ್ಲಿ ಒಂದೇ: ಆಮೆಯ ಮೊಟ್ಟೆ ಗುಂಡಿ. ಆಮೆ ಕಾಯುವ ಕಿದಾವಾ ಅಜ್ಜಿ ಅದರ ಪಕ್ಕ ನಂಬರಿನ ಕೋಲು ನೆಟ್ಟು ಹಗ್ಗ ಸುತ್ತಿದಳೆಂದರೆ ಮುಗಿಯಿತು, ಎರಡು ತಿಂಗಳು ಅವಳ ಹೊರತು ಬೇರೆ ಯಾರು ಮುಟ್ಟಿದರೂ ಜೈಲು. ತನ್ನ ಕಳವಿನ ಮಾಲನ್ನು ಸರ್ಕಾರವೇ ಕಾಯುತ್ತದೆ! ಮರಿಗಳು ಏಳುವ ಹೊತ್ತಿಗೆ ಮುಂಚೆ, ಐವತ್ತನೇ ದಿನ ಟಿಕೆಟ್ ಕೊಂಡು, ಬೂಟು ಹಾಕಿಕೊಂಡು, ತಾನೂ ಪ್ರವಾಸಿಯಾಗಿ ಬರುವುದು. ರಾತ್ರಿ ಗುಂಡಿ ಬಗೆದು, ಬೆಳಿಗ್ಗೆ ಗೇಟಿನಲ್ಲಿ ಸಲಾಮು ತೆಗೆದುಕೊಂಡು ಹೋಗುವುದು. ಆಮೇಲೆ ಪಂಗಾನಿ ಪಟ್ಟಣದಲ್ಲಿ ಸ್ವಂತ ಹೋಟೆಲು. ಅಲ್ಲಿ ತಟ್ಟೆ ತಳ್ಳುವವನು ಯಾವನೂ ಇರುವುದಿಲ್ಲ.

ಸಂಜೆಯೇ ಕಳವಿನ ಗುಲ್ಲೆದ್ದಿತು. ಆ ರಾತ್ರಿ ಸರ ಬೆಳಗಿನ ತಿಂಡಿಗೆ ಮಂಡಾಜಿ ಕರಿಯಲು ಕಲಸಿಟ್ಟ ಹಿಟ್ಟಿನೊಳಗೆ ಮಲಗಿತು, ಶೊಮಾರಿ ಮಲಗಲಿಲ್ಲ. ಏಳುವುದು, ಕೂರುವುದು, ಮುಚ್ಚಳ ತೆಗೆದು ಹಿಟ್ಟು ಮುಟ್ಟಿ ನೋಡುವುದು, ಇದೇ ಆಯಿತು.

ಮೂಡಲು ಬೆಳ್ಳಗಾಗುವಾಗ ಅವನು ದಂಡೆಯಲ್ಲಿದ್ದ. ಕಡಲು ಇಳಿಯುತ್ತಿತ್ತು. ಮರಳು ತುಂಬಿದ ಚೀಲವನ್ನು ನೀರಿನಂಚಿನಿಂದ ಮೇಲಕ್ಕೆ ಎಳೆದ. ಅವನ ಹೆಜ್ಜೆಗಳನ್ನು ಚೀಲವೇ ಅಳಿಸುತ್ತ ಬಂತು. ಮೊಳಕ್ಕೊಮ್ಮೆ ತಿರುಗಿ ಎರಡೂ ಬದಿಗೆ ಪಾತ್ರೆಯ ಮುಚ್ಚಳ ಒತ್ತಿದ. ತೆವಳುವಾಗ ಹಸಿರಾಮೆ ಎರಡೂ ಕೈ ಒಟ್ಟಿಗೆ ಊರುತ್ತದೆಂಬುದು ಅವನಿಗೆ ಗೊತ್ತಿತ್ತು. ಮೇಲೆ ಗುಂಡಿ ತೋಡಿ, ಸರ ಹೂತು, ತಾಯಿ ಆಮೆ ಎರಚುವಂತೆಯೇ ಮರಳೆರಚಿದ. ಬೇರೆ ದಾರಿಯಲ್ಲಿ ಹಾಗೆಯೇ ಚೀಲ ಎಳೆಯುತ್ತ, ಮುಚ್ಚಳ ಒತ್ತುತ್ತ ನೀರಿಗಿಳಿದು, ನೀರಲ್ಲೇ ನಡೆದು ಮರಳಿದ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಕೈ ಚುರುಕಾಗಿರುವುದೂ ಒಂದು ವಿದ್ಯೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡ.

ಬೆಳಿಗ್ಗೆ ಕಿದಾವಾ ಎಂದಿನಂತೆ ಅವನ ಕೈಯ ಚಹಾ ಕುಡಿದು ಮುಖ ಕಿವುಚಿದಳು. "ಕುದಿಯೋ ಮುಂಚೆನೇ ಇಳಿಸಿದ್ಯಲ್ಲೋ, ನಿನ್ನ ಮನೆ ಹಾಳಾಗ!"

"ಸುಮ್ನೆ ಕುಡಿ ಅಜ್ಜಿ. ನಿನ್ನ ಆಮೆ ಥರ ತೆವಳ್ತಾ ಕೂರೋಕೆ ನಂಗೆ ಪುರುಸೊತ್ತಿಲ್ಲ."

ಅವಳು ನಗುತ್ತ ದಂಡೆಗಿಳಿದು, ಹೊಸ ಗುಂಡಿ ಕಂಡು ಮೂವತ್ತೊಂದನೇ ಕೋಲು ನೆಟ್ಟಳು. ಹಗ್ಗ ಸುತ್ತಿದಳು. ಕಿಟಕಿಯಿಂದ ನೋಡುತ್ತಿದ್ದ ಶೊಮಾರಿಗೆ ನಿನ್ನೆಯಿಂದ ಕಟ್ಟಿದ್ದ ಉಸಿರು ಹೊರಬಂತು. ಪೊಲೀಸರು ಹಾಸಿಗೆ ಕೊಡವಿದರು, ಹಿಟ್ಟು ಜರಡಿ ಹಿಡಿದರು, ಏನೂ ಸಿಗಲಿಲ್ಲ. ಇನ್ಸ್‌ಪೆಕ್ಟರು ಸೋತು ದಂಡೆಯ ಮೇಲೆ ಕೂತ. ಶೊಮಾರಿ ಅವನಿಗೆ ಬಿಸಿ ಮಂಡಾಜಿ, ಚಹಾ ಒಯ್ದ. ಮಂಡಾಜಿ ಚೆನ್ನಾಗಿದೆ ಎನ್ನಿಸಿಕೊಂಡ.

ಪಕ್ಕದಲ್ಲೇ ಕಿದಾವಾ ತನ್ನ ಪುಸ್ತಕದಲ್ಲಿ ಬರೆಯಲು ಆಮೆಯ ಜಾಡನ್ನು ಹಗ್ಗದಲ್ಲಿ ಅಳೆಯುತ್ತಿದ್ದಳು. ಬಂದ ಜಾಡು ಹನ್ನೆರಡು ಮಾರು. ಹೋದ ಜಾಡು ಅಳೆದಳು, ಅದೂ ಹನ್ನೆರಡು. ಮತ್ತೊಮ್ಮೆ ಅಳೆದಳು. "ಸಾಹೇಬ್ರೇ, ಇಲ್ಲಿ ಸ್ವಲ್ಪ ಬನ್ನಿ. ತಾಯಿ ಹತ್ತಿ ಬಂದು, ಮೊಟ್ಟೆ ಇಟ್ಟು, ಮುಚ್ಚಿ ಹೋಗೋಕೆ ಎರಡು ಗಂಟೆನಾದ್ರೂ ಬೇಕು. ಅಷ್ಟ್ರಲ್ಲಿ ಇಳಿಯೋ ನೀರು ಎಷ್ಟೋ ದೂರ ಹೋಗಿರತ್ತೆ. ಹೋದ ಜಾಡು ಬಂದಿದ್ದಕ್ಕಿಂತ ಉದ್ದ ಇರ್ಲೇಬೇಕು. ಇಲ್ಲಿ ನೋಡಿ, ಎರಡೂ ಒಂದೇ ಗೆರೇಲಿ ನಿಂತಿವೆ." ಅವಳು ತಲೆಯೆತ್ತಿ ಶೊಮಾರಿಯನ್ನು ನೋಡಿದಳು. ಮುಖದಲ್ಲಿ ನಗುವಿರಲಿಲ್ಲ, ಸಂಕಟವಿತ್ತು. "ಇಷ್ಟು ಅವಸರದ ಆಮೆ ಈ ಕಡಲಲ್ಲಿಲ್ಲ ಕಣೋ," ಎಂದಳು. ತಾನೇ ಕಟ್ಟಿದ ಹಗ್ಗ ಬಿಚ್ಚಿ, ಮೊಣಕಾಲೂರಿ, ಮರಳು ಬಗೆಯತೊಡಗಿದಳು.