ಬೇಗ ಎದ್ದ ಕೈ

"ಎಲ್ಲರೂ ಎದ್ದು ನಿಲ್ಲಿ!"

ಎದ್ದವನು ಒಬ್ಬನೇ. ಹಿಂದಿನ ಸಾಲಿನ ಉದ್ದನೆಯ ಹುಡುಗ, ಅಂದೇ ಸೇರಿದವನು.

ಉಳಿದವರು ಬಿಸ್ಕತ್ತು ಹಂಚಿಕೊಳ್ಳುತ್ತ ಹರಟುತ್ತಿದ್ದರು. ಅವನೊಬ್ಬನೇ ನೆಟ್ಟಗೆ ನಿಂತಿದ್ದನ್ನು ನೋಡಿ ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಅಂದಿನಿಂದ ಅವನ ಹೆಸರೇ ಕಂಬ!

ಎದ್ದು ನಿಲ್ಲಿ ಎಂದವಳ ಮುಖ ಕೆಂಪಾಯಿತು. 'ನನ್ನನ್ನ ಆಡಿಕೊಳ್ತಿದ್ದಾನೆ...'

ಪಾಪ, ಅವಳ ಪಾಡು ಅವಳಿಗೆ! ವಿಶ್ವವಿದ್ಯಾಲಯದ ಹಾಡುಗಾರರ ಬಳಗಕ್ಕೆ ಅವಳು ಹೊಸ ನಾಯಕಿ. ಇಲ್ಲಿ ಹಾಜರಿ ಇಲ್ಲ, ಅಂಕ ಇಲ್ಲ. ಮನಸ್ಸಿದ್ದವರು ಬರುತ್ತಾರೆ, ಅಷ್ಟೇ. ಹೆದರಿಸೋಣವೆಂದರೆ ಯಾವ ಅಸ್ತ್ರವೂ ಕೈಯಲ್ಲಿಲ್ಲ. ಅವಳು ಮುಂದೆ ನಿಂತು ಕೈ ಬೀಸಿ ತಾಳ ತೋರಿಸಿದರೆ, ಎಲ್ಲರೂ ಕಿಟಕಿ ನೋಡಿಕೊಂಡು ತಮಗೆ ಬಾಯಿಪಾಠವಾದಂತೆ ಹಾಡಿ ಮುಗಿಸುತ್ತಿದ್ದರು.

ಕಂಬ ಮಾತ್ರ ಅವಳ ಕೈಯನ್ನೇ ನೋಡುತ್ತಿದ್ದ. ಮೆಲ್ಲಗೆ ಎಂದರೆ ಮೆಲ್ಲಗೆ. ನಿಲ್ಲಿಸಿ ಎಂದರೆ, ತೆರೆದ ಬಾಯಿ ತೆರೆದಂತೆಯೇ ನಿಲ್ಲುತ್ತಿತ್ತು! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಬಾಗಿಲಲ್ಲೇ ತಡೆದಳು.

"ಯಾಕ್ರೀ, ನನ್ನನ್ನ ಗೇಲಿ ಮಾಡೋಕೆ ಬರ್ತೀರಾ?"

"ಇಲ್ಲ... ಹಾಡೋಕೆ," ಅವನು ತಬ್ಬಿಬ್ಬಾದ.

"ಹಾಗಾದ್ರೆ ಎಲ್ಲರ ಹಾಗೆ ಇರಿ!"

ಮರುದಿನ ಅವನೂ ಕಿಟಕಿ ನೋಡುತ್ತ ಹಾಡಿದ. ಅದನ್ನೂ ಅವಳ ಮಾತಿನಂತೆಯೇ ಮಾಡಿದ್ದ, ಪುಣ್ಯಾತ್ಮ! ಆದರೆ ಅವಳ ಕಣ್ಣೇಕೆ ಮತ್ತೆ ಮತ್ತೆ ಹಿಂದಿನ ಸಾಲಿಗೆ ಹೋಗುತ್ತಿತ್ತು?

"ಅಕ್ಕಾ, ಕಾರ್ಯಕ್ರಮ ಮುಗೀಲಿ, ಈ ನಾಯಕಿ ಪಟ್ಟ ಬಿಟ್ಟುಬಿಡ್ತೀನಿ," ಎಂದು ಮನೆಯಲ್ಲಿ ಅತ್ತಳು. "ನನ್ನ ಕೈ ನೋಡೋರು ಒಬ್ಬರೂ ಇಲ್ಲ."

"ಒಬ್ಬ ನೋಡ್ತಿದ್ನಲ್ಲೇ! ಅವನಿಗೂ ಬೈದು ಬಂದೆ," ಅಕ್ಕ ತಲೆಗೆ ಮೊಟಕಿದಳು.

ಕಾರ್ಯಕ್ರಮದ ದಿನ ಸಭಾಂಗಣ ಕಿಕ್ಕಿರಿದಿತ್ತು. ಕೊನೆಯ ಹಾಡಿನ ನಡುವೆ ಎಲ್ಲರೂ ಸುಮ್ಮನಿರಬೇಕಾದ ಜಾಗವೊಂದಿತ್ತು. ಗಾಬರಿಯಲ್ಲಿ, ಮತ್ತೆ ಹಾಡಿ ಎಂದು ತೋರಿಸಬೇಕಾದ ಅವಳ ಕೈ ಮೊದಲೇ ಮೇಲೆದ್ದುಬಿಟ್ಟಿತು!

ಯಾರೂ ಬಾಯಿ ತೆರೆಯಲಿಲ್ಲ. 'ಅಯ್ಯೋ, ಭೂಮಿ ಬಾಯಿ ಬಿಡಬಾರದೇ...'

ಆಗ ಹಿಂದಿನ ಸಾಲಿನಿಂದ ಒಂದೇ ಒಂದು ದನಿ ಎದ್ದಿತು. ಕಂಬ! ಮೊದಲ ಬಾರಿಗೆ 'ಎಲ್ಲರ ಹಾಗೆ ಇರಿ' ಎಂಬ ಅವಳ ಮಾತು ಮೀರಿ, ಅವಳ ಕೈಯನ್ನೇ ನೋಡುತ್ತ ಹಾಡುತ್ತಿದ್ದ.

ಪಕ್ಕದವರು ಗಾಬರಿಯಿಂದ ಅವನತ್ತ ನೋಡಿದರು, ಆಮೇಲೆ ಅವಳತ್ತ. ಒಬ್ಬಳು ದನಿ ಸೇರಿಸಿದಳು. ಇನ್ನೊಬ್ಬ ಸೇರಿಸಿದ. ನೋಡನೋಡುತ್ತಿದ್ದಂತೆ ಎಲ್ಲರ ಕಣ್ಣೂ ಅವಳ ಬೆರಳ ತುದಿಯಲ್ಲಿ! ಅವಳು ಮೆಲ್ಲಗೆ ಎಂದಾಗ ಇಡೀ ಬಳಗ ಮೆಲ್ಲಗಾಯಿತು. ಚಪ್ಪಾಳೆ ಬಿದ್ದಾಗ ಅವಳ ಕಣ್ಣು ತುಂಬಿತ್ತು.

ವೇದಿಕೆಯ ಹಿಂದೆ ಕುರ್ಚಿ ಮಡಚಿಡುತ್ತಿದ್ದ ಅವನ ಮುಂದೆ ಹೋಗಿ ನಿಂತಳು.

"ನಾನು ಬೇಗ ಕೈ ಎತ್ತಿದ್ದು ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ ಯಾಕೆ ಹಾಡಿದ್ರಿ?"

"ನೀವೊಬ್ರೇ ತಪ್ಪು ಮಾಡಿದ ಹಾಗೆ ಆಗೋದು ಬೇಡ ಅಂತ..." ಅವನ ಕಿವಿ ಕೆಂಪಾಯಿತು. "ನಾನು ಯಾವತ್ತೂ ಗೇಲಿ ಮಾಡಿಲ್ಲ ರೀ. ಮೊದಲ ದಿನದಿಂದ ನಿಮ್ಮನ್ನ ಇಷ್ಟಪಟ್ಟೆ, ಅಷ್ಟೇ."

ಅವಳ ಎದೆ ಹೂವಿನಷ್ಟು ಹಗುರವಾಯಿತು.

"ಇವತ್ತಿಗೆ ಈ ಪಟ್ಟ ಬಿಡೋಣ ಅಂತಿದ್ದೆ..."

"ಬಿಟ್ರೆ ನಾನು ಯಾರ ಕೈ ನೋಡ್ಲಿ?"

"ಬಿಡಲ್ಲ, ಹೋಗಿ!" ನಗುತ್ತ ಕಣ್ಣೊರೆಸಿಕೊಂಡು ಅವಳು ಕೈ ಚಾಚಿದಳು.

"ಇದೂ ಸ್ವಲ್ಪ ಬೇಗ ಆಯ್ತೇನೋ?" ಅವನು ನಕ್ಕ.

"ಆದ್ರೆ ಏನೀಗ? ನೀವು ಜೊತೆಗೆ ಬರ್ತೀರಲ್ಲ!"

ಅವನು ಕುರ್ಚಿ ಕೆಳಗಿಟ್ಟು ಆ ಕೈ ಹಿಡಿದುಕೊಂಡ.